ದಿಬ್ಬದ ಧೂಳು ಮತ್ತು ಮಕ್ಕಳ ಉಸಿರು

ಮಕ್ಕಳನ್ನು ಕಾಯುವುದೆಂದರೆ ಬಹುಮಟ್ಟಿಗೆ ‘ಬೇಡ’ ಎನ್ನುವುದೇ ಎಂದು ಬಹುಕಾಲ ನಂಬಿದ್ದವನು ನಾನು. ಒಲೆಯ ಬಳಿ ಸುಳಿಯಬೇಡ, ಬಾವಿಯ ಕಟ್ಟೆ ಹತ್ತಬೇಡ, ರೈಲುಹಳಿ ದಾಟಬೇಡ, ಸಂಜೆಯಾದೊಡನೆ ಪಾನಿಪೂರಿಗೆ ಹಟ ಮಾಡಬೇಡ—ಹೀಗೆ ದಿನಕ್ಕೆ ನೂರು ‘ಬೇಡ’ಗಳನ್ನು ಮೊಮ್ಮಗಳ ಮೇಲೆ ಪ್ರಯೋಗಿಸಿ, ತಾತನ ಕರ್ತವ್ಯ ನೆರವೇರಿತೆಂಬ ತೃಪ್ತಿಯಿಂದ ರಾತ್ರಿ ಕಣ್ಣು ಮುಚ್ಚುತ್ತಿದ್ದೆ. ಪಾನಿಪೂರಿಯ ವಿಷಯದಲ್ಲಿ ಮಾತ್ರ ನನ್ನ ನಿಷೇಧ ಅಷ್ಟು ಕಟ್ಟುನಿಟ್ಟಾದುದಲ್ಲವೆಂದು ಒಪ್ಪಿಕೊಳ್ಳಬೇಕು. ತಿಳಿನೀರಿನಂತೆ ಕಂಡು ನಾಲಗೆಯನ್ನು ಸುಡುವ ಆ ಬಂಗಾರಪೇಟೆಯ ಪಾನಿಯ ಮುಂದೆ ನನ್ನ ಸಂಯಮವೂ ಕರಗಿದ್ದುಂಟು. ಅದೇನೇ ಇರಲಿ, ಕಳೆದ ಆಷಾಢದಲ್ಲಿ ನನ್ನ ಈ ತೃಪ್ತಿಗೆ ಭಂಗ ಬಂತು.

ಬೆಳಗ್ಗೆ ನನ್ನ ಹೆಂಡತಿ ಒದ್ದೆ ಬಟ್ಟೆಯಿಂದ ಒರೆಸಿದ ಮೇಜು. ಶಾಲೆಯಿಂದ ಬಂದ ಮಗು ಅದರ ಮುಂದೆ ನಿಂತು, ಬೆರಳಿನಿಂದ ತನ್ನ ಹೆಸರನ್ನು ಪೂರ್ತಿಯಾಗಿ, ಒತ್ತಕ್ಷರಸಹಿತ ಬರೆದು, “ತಾತ, ನೋಡು, ಸ್ಲೇಟು!” ಎಂದು ಕೂಗಿದಳು. ಅಕ್ಷರ ಸ್ಫುಟವಾಗಿ ಮೂಡಿತ್ತು. ಆ ಬೂದುಬಣ್ಣದ ಧೂಳು ಯಾವುದೆಂದು ಕೋರಮಂಡಲದಲ್ಲಿ ಹುಟ್ಟಿ ಬೆಳೆದವರಿಗೆ ಹೇಳಬೇಕಾದದ್ದಿಲ್ಲ. ಸೈನೈಡ್ ದಿಬ್ಬದ ಕಡೆ ಆಡಲು ಹೋಗಬೇಡವೆಂದು ಅವಳಿಗೆ ನಾನು ಆಜ್ಞೆ ಮಾಡಿದ್ದೆ. ಅವಳು ಅದನ್ನು ಮೀರಿರಲಿಲ್ಲ. ದಿಬ್ಬವೇ ಗಾಳಿಯನ್ನೇರಿ ಮನೆಗೆ ಬಂದಿತ್ತು. ದಿಬ್ಬಕ್ಕೆ ‘ಬೇಡ’ ಎನ್ನುವವರು ಯಾರು?

ಈ ಕಡೆಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ಕವಲುದಾರಿಯ ರೈಲಿನಲ್ಲಿ ಕುಳಿತರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಗಣಿಯ ಹೆಸರುಗಳೇ ನಿಲ್ದಾಣಗಳಾಗಿ ಸಾಲುಗಟ್ಟಿ ಬರುತ್ತವೆ. ಹೊರಗೆ ನೋಡಿದರೆ ಮರಗಿಡಗಳಿಲ್ಲದ, ಮಳೆನೀರು ಕೊರೆದ ಗೀರುಗಳಿರುವ, ತುದಿ ಚಪ್ಪಟೆಯಾದ ಗುಡ್ಡಗಳು ಕಾಣುತ್ತವೆ. ಇವು ದೇವರು ಮಾಡಿದ ಗುಡ್ಡಗಳಲ್ಲ. ಚಾಂಪಿಯನ್ ರೀಫ್ ಗಣಿಯಂತೂ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿಕೊಂಡಿತ್ತು. ಅಂಥ ಪಾತಾಳದಿಂದ ಎತ್ತಿದ ಬೆಣಚುಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಉಳಿದ ಹಿಟ್ಟನ್ನು ಊರ ಪಕ್ಕದಲ್ಲೇ ಸುರಿದರು. ಈ ಸೈನೈಡ್ ವಿಧಾನವನ್ನು 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ರೂಪಿಸಿದವರು ಮೆಕಾರ್ಥರ್ ಎಂಬ ರಸಾಯನಜ್ಞ ಮತ್ತು ಫಾರೆಸ್ಟ್ ಎಂಬ ಇಬ್ಬರು ಸಹೋದರರು. ಆ ಸಹೋದರರಿಬ್ಬರೂ ವೃತ್ತಿಯಿಂದ ವೈದ್ಯರಾಗಿದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ವಿಷಾದದ ನಗೆ ಬರುತ್ತದೆ.

ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದಂದಿನಿಂದ, ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವರೆಗೆ ಇಲ್ಲಿಂದ ಹೊರಟ ಚಿನ್ನ ಸುಮಾರು 800 ಟನ್. ಉಳಿದ ಹಿಟ್ಟು, 13 ದಿಬ್ಬಗಳಲ್ಲಿ, ಮೂರು ಕೋಟಿ ಟನ್ನಿಗೂ ಹೆಚ್ಚು. ಲೆಕ್ಕದ ಮೇಷ್ಟರಾಗಿದ್ದವನಾದ್ದರಿಂದ ಭಾಗಿಸಿ ನೋಡಿದೆ: ಒಂದು ಗ್ರಾಂ ಚಿನ್ನಕ್ಕೆ ಸ್ಥೂಲವಾಗಿ 40 ಕೆ.ಜಿ. ಧೂಳು. ನನ್ನ ಮೊಮ್ಮಗಳ ಕಿವಿಯಲ್ಲಿರುವ ಎರಡು ಗ್ರಾಮಿನ ಓಲೆಗೆ 80 ಕೆ.ಜಿ. ಧೂಳು. ಅಷ್ಟು ಹೊರಲು ಅವಳಿಂದ ಸಾಧ್ಯವಿಲ್ಲ, ನನ್ನಿಂದಲೂ ಇಲ್ಲ. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಧೂಳು ಮಾತ್ರ ಊರಿನ ಪಾಲಿಗೆ ಉಳಿಯಿತು.

ಸೈನೈಡ್ ಎಂಬ ಹೆಸರೇ ಭಯಂಕರವಾದುದರಿಂದ ಜನ ಅದನ್ನು ಕುರಿತೇ ಹೆಚ್ಚಾಗಿ ಮಾತನಾಡುತ್ತಾರೆ. ನಿಜ ಹೇಳುವುದಾದರೆ ಗಾಳಿಬಿಸಿಲುಗಳಿಗೆ ಒಡ್ಡಿಕೊಂಡ ಸೈನೈಡ್ ಕಾಲಕ್ರಮದಲ್ಲಿ ತಾನಾಗಿಯೇ ಬಹುಮಟ್ಟಿಗೆ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಹೆಸರಿನಲ್ಲಿ ಯಾವ ಭಯವೂ ಇಲ್ಲದ ಬೆಣಚಿನ ಹಿಟ್ಟು, ಅಂದರೆ ಸಿಲಿಕಾ. ಅದರಲ್ಲಿಯೂ ಮೇಜಿನ ಮೇಲೆ ಕೂತು ಅಕ್ಷರ ಬರೆಸಿಕೊಳ್ಳುವ ಧೂಳು ಅಷ್ಟು ಅಪಾಯದ್ದಲ್ಲ. ಅದು ಮೂಗು ಗಂಟಲುಗಳಲ್ಲೇ ತಡೆದು ನಿಲ್ಲುತ್ತದೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಸಣ್ಣದಾದ, ಕಣ್ಣಿಗೆ ಕಾಣದ ಕಣವೇ ಎದೆಗೂಡಿನ ಕೊನೆಯ ಕೋಣೆಯವರೆಗೆ ಇಳಿದು ಅಲ್ಲಿ ಬಿಡಾರ ಹೂಡುವುದು. ಫ್ಲೋರೈಡಿನ ನೀರು ಕುಡಿದು ಹಲ್ಲಿಗೆ ಕಲೆ ಬಿದ್ದರೆ ಕನ್ನಡಿ ಹೇಳುತ್ತದೆ. ನಮ್ಮ ಕೋಲಾರ ಸೀಮೆಯ ಜನಕ್ಕೆ ಅದು ಗೊತ್ತಿರುವ ಸಂಗತಿ. ಶ್ವಾಸಕೋಶಕ್ಕೆ ಅಂಥ ಕನ್ನಡಿ ಇಲ್ಲ.

ನನ್ನ ಸೋದರಮಾವ ಗಣಿಯೊಳಗೆ ಕಲ್ಲು ಕೊರೆಯುವ ಕೆಲಸದಲ್ಲಿದ್ದರು. ಬೆಳಗಿನ ಜಾವ ಅವರ ಕೆಮ್ಮು ಲೈನು ಮನೆಯ ಗೋಡೆ ದಾಟಿ ಕೇಳಿಸುತ್ತಿತ್ತು. ಹುಡುಗರಾದ ನಮಗೆ ಅದು ಸೈರನ್ನಿನಂತೆಯೇ ಹೊತ್ತು ತಿಳಿಸುವ ಒಂದು ಶಬ್ದ; ದೊಡ್ಡವರೂ ‘ಗಣಿ ಕೆಮ್ಮು’ ಎಂದು ಹೆಸರಿಟ್ಟು ಸುಮ್ಮನಾಗುತ್ತಿದ್ದರು. ಹೆಸರಿಟ್ಟೊಡನೆ ಸಹಜವಾಗಿಬಿಡುವುದು ಎಷ್ಟೊಂದು ಸಂಕಟಗಳ ಹಣೆಬರಹ! ಮುಂದೆ ತಿಳಿದದ್ದು ಇದು: 1940ರಿಂದ 46ರವರೆಗೆ ಈ ಗಣಿಗಳ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಭಾರತದಲ್ಲಿ ಆ ರೋಗ ಮೊದಲು ವರದಿಯಾದದ್ದು ನಮ್ಮ ಊರಿನಿಂದಲೇ, 1947ರಲ್ಲಿ. ಇಂದಿಗೂ ಅದಕ್ಕೆ ಗುಣಪಡಿಸುವ ಔಷಧವಿಲ್ಲ. ಧೂಳನ್ನು ಒಳಗೆ ಬಿಡದಿರುವುದೊಂದೇ ಉಪಾಯ. ವೈದ್ಯರ ಪಠ್ಯಪುಸ್ತಕದಲ್ಲಿ ಇಂಥದೊಂದು ಪ್ರಥಮ ಸ್ಥಾನ ಪಡೆದ ಊರು ಧೂಳಿನ ವಿಷಯದಲ್ಲಿ ನಾಡಿಗೆಲ್ಲ ಮುಂಚೆ ಎಚ್ಚೆತ್ತುಕೊಳ್ಳಬೇಕಾಗಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸದಿದ್ದರೆ ಅನ್ಯಾಯವಾದೀತು. ವರ್ಷಗಟ್ಟಲೆ ಮುಚ್ಚಿದ ಸುರಂಗದಲ್ಲಿ ಕಲ್ಲು ಕೊರೆದವನ ಎದೆಗೂ ತೆರೆದ ಬಯಲಿನಲ್ಲಿ ಆಡುವ ಮಗುವಿನ ಎದೆಗೂ ಒಂದೇ ಲೆಕ್ಕವಲ್ಲ. ಮಕ್ಕಳ ಕೆಮ್ಮಿಗೆಲ್ಲ ದಿಬ್ಬವೇ ಕಾರಣವೆಂದು ನಾನು ಹೇಳಲಾರೆ; ಅಡುಗೆಯ ಹೊಗೆ ಇದೆ, ಲಾರಿಗಳ ಹೊಗೆ ಇದೆ, ಹೊದಿಕೆಯ ಧೂಳೂ ಇದೆ. ಆದರೆ ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ, ಓಡುವಾಗ ಇನ್ನೂ ಹೆಚ್ಚು. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುವಂಥದು. ರೋಗ ಬಂದೇಬರುತ್ತದೆಂಬ ಪುರಾವೆ ಸಿಗುವವರೆಗೆ ಕಾಯಬೇಕೆನ್ನುವುದು ನ್ಯಾಯಾಲಯದ ಧರ್ಮವಾಗಬಹುದು. ಮನೆಯ ಹಿರಿಯರ ಧರ್ಮವಲ್ಲ. ಮಗು ಬಾವಿಕಟ್ಟೆ ಹತ್ತಿದಾಗ ಅದು ಬಿದ್ದೇ ಬೀಳುತ್ತದೆಂಬ ಸಾಕ್ಷ್ಯವನ್ನು ನಾವು ಕೇಳುತ್ತೇವೆಯೆ?

ಈ ಊರಿನಲ್ಲಿ ‘ಹಿರಿಯರು’ ಎಂದರೆ ಬಹುಮಟ್ಟಿಗೆ ತಾತ ಅಜ್ಜಿಯರೇ. ಗಣಿ ಮುಚ್ಚಿದ ಮೇಲೆ ಅನ್ನ ಬೆಂಗಳೂರಿನಲ್ಲಿದೆ. ಸೂರ್ಯ ಹುಟ್ಟುವ ಮೊದಲೇ ಮಕ್ಕಳೂ ಸೊಸೆಯರೂ ರೈಲು ಹತ್ತುತ್ತಾರೆ. ಹೋಗಿಬರುವುದರಲ್ಲೇ ನಾಲ್ಕು ಗಂಟೆ ಕಳೆದು, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಎಚ್ಚರವಿರುವ ಮಗುವಿನ ಮುಖವನ್ನು ಅವರು ಪೂರ್ತಿಯಾಗಿ ನೋಡುವುದು ಭಾನುವಾರ. ಉಳಿದ ಆರು ದಿನ ಊಟ, ಪಾಠ, ಜ್ವರ, ಜಗಳ ಎಲ್ಲವೂ ನಮ್ಮ ಪಾಲಿಗೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮುಪ್ಪಿನಲ್ಲಿ ಇದಕ್ಕಿಂತ ಒಳ್ಳೆಯ ಉದ್ಯೋಗ ಯಾರಿಗೆ ಸಿಕ್ಕೀತು? ಆದರೆ ದುಡಿಯುವ ವಯಸ್ಸಿನವರು ಹಗಲು ಊರಿನಲ್ಲಿಲ್ಲದ ಕಾರಣ, ಹಗಲು ಏಳುವ ಧೂಳನ್ನು ಕುರಿತು ಕೇಳಬೇಕಾದವರೂ ನಾವೇ ಆಗಿದ್ದೇವೆ.

ಮನೆಯಲ್ಲಿ ಮಾಡಬಹುದಾದದ್ದು ಇಲ್ಲವೆಂದಲ್ಲ. ನನ್ನ ಹೆಂಡತಿ ಗಾಳಿಯ ತಿಂಗಳುಗಳಲ್ಲಿ ಒಣ ಪೊರಕೆಯನ್ನು ಮೂಲೆಗಿಟ್ಟು ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸುತ್ತಾಳೆ. ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆಂಬ ಶಾಸ್ತ್ರವನ್ನು ಅವಳು ಪುಸ್ತಕದಿಂದ ಕಲಿತವಳಲ್ಲ. ಗಾಳಿ ಬೀಸುವ ಕಡೆಯ ಕಿಟಕಿ ಮಧ್ಯಾಹ್ನ ಮುಚ್ಚಿರುತ್ತದೆ. ನೀರಿನ ಕೊಡಕ್ಕೆ, ಹಾಲಿನ ಪಾತ್ರೆಗೆ ತಟ್ಟೆ. ಆಡಿ ಬಂದ ಮಗುವಿಗೆ ಕೈ, ಮುಖ, ಕಾಲು ಮೂರೂ ತೊಳೆದ ಮೇಲೆಯೇ ರಾಗಿಮಾಲ್ಟು. ಆದರೆ ಮನೆಯ ಹೊಸಲಿನಾಚೆ ಶಾಲೆಯಿದೆ, ಮೈದಾನವಿದೆ. ಅಲ್ಲಿಗೆ ನನ್ನ ಹೆಂಡತಿಯ ಒದ್ದೆ ಬಟ್ಟೆ ಮುಟ್ಟುವುದಿಲ್ಲ. ಇನ್ನು ಆ ದಿಬ್ಬಗಳೋ, 2018ರಲ್ಲಿ ‘ಕೆ.ಜಿ.ಎಫ್.’ ಚಲನಚಿತ್ರ ಬಂದ ಮೇಲೆ ಹುಡುಗರ ಪಾಲಿಗೆ ವೀರಭೂಮಿಯಾಗಿಬಿಟ್ಟಿವೆ. ತಾತನ ‘ಬೇಡ’ಕ್ಕೂ ಬೆಳ್ಳಿತೆರೆಯ ನಾಯಕನಿಗೂ ಸ್ಪರ್ಧೆ ಬಿದ್ದರೆ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವ ಸಂಪುಟ, ಈ 13 ದಿಬ್ಬಗಳಿರುವ ಸಾವಿರ ಎಕರೆಗೂ ಮೀರಿದ ನೆಲದಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ಹಿಟ್ಟಿನಲ್ಲಿ ಇನ್ನೂ ಉಳಿದಿರುವ ಚೂರುಪಾರು ಚಿನ್ನವನ್ನು ಹೊಸ ವಿಧಾನಗಳಿಂದ ತೆಗೆಯಬಹುದೆಂಬುದು ತರ್ಕ. ನಾನು ಇದಕ್ಕೆ ವಿರೋಧಿಯಲ್ಲ. ದಿಬ್ಬ ಕರಗಿ ಬಯಲಾಗುವುದಾದರೆ ಅದಕ್ಕಿಂತ ಬೇರೆ ಏನು ಬೇಕು? ನಾಲ್ಕು ಮನೆಗಳ ಯುವಕರು ಬೆಳಗಿನ ರೈಲನ್ನು ಬಿಟ್ಟು ಊರಿನಲ್ಲೇ ದುಡಿಯುವಂತಾದರೆ ಅವರ ಮಕ್ಕಳಿಗೆ ಅಪ್ಪನ ಮುಖವಾದರೂ ಕಂಡೀತು. ಆದರೆ ಮಲಗಿರುವ ದಿಬ್ಬವೇ ಇಷ್ಟು ಧೂಳೆಬ್ಬಿಸುವಾಗ, ಅಗೆದು ಕೆದರಿದ ದಿಬ್ಬ ಎಷ್ಟು ಎಬ್ಬಿಸೀತು ಎಂಬ ಪ್ರಶ್ನೆಯನ್ನು ಯಂತ್ರ ಬರುವ ಮೊದಲೇ ಕೇಳಬೇಕು, ಬಂದ ಮೇಲಲ್ಲ.

1952ರ ಗಣಿ ಕಾಯಿದೆಗೆ 1983ರಲ್ಲಿ ಆದ ತಿದ್ದುಪಡಿ ಒಂದು ಒಳ್ಳೆಯ ಮಾತನ್ನು ಹೇಳಿತ್ತು: ಕೆಲಸ ಕಲಿಯುವವರನ್ನು ಬಿಟ್ಟರೆ, 18 ವರ್ಷ ತುಂಬದವರು ಗಣಿಯೊಳಗೆ ದುಡಿಯುವುದಿರಲಿ, ಗಣಿಕೆಲಸ ನಡೆಯುವ ನೆಲದ ಮೇಲಿನ ಜಾಗದಲ್ಲಿ ಇರಲೂ ಕೂಡದು. ಮಗು ಗಣಿಗೆ ಹೋಗಕೂಡದೆಂದು ಬರೆದ ಕೈ ಅಭಿನಂದನೀಯ. ಗಣಿ ಮಗುವಿನ ಬಳಿಗೆ ಹೋಗಕೂಡದೆಂದು ಬರೆಯಲು ಅದಕ್ಕೆ ಹೊಳೆಯಲಿಲ್ಲ.

ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆಂದು ನೋಡಬಹುದು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸುತ್ತಲೂ ನಮ್ಮವನ್ನು ಮೀರಿಸುವ ದಿಬ್ಬಗಳಿವೆ. 1970ರ ದಶಕದ ಕೊನೆಯಿಂದ ಅಲ್ಲಿ ಬಲವಾದ ನೀರಿನ ಧಾರೆ ಬಿಟ್ಟು ದಿಬ್ಬವನ್ನೇ ಕೆಸರಾಗಿ ಕರಗಿಸಿ, ಕೊಳವೆಗಳಲ್ಲಿ ದೂರ ಸಾಗಿಸಿ ಚಿನ್ನ ತೆಗೆಯುತ್ತ ಬಂದಿದ್ದಾರೆ. ಒದ್ದೆಯಾದ ಹಿಟ್ಟು ಹಾರುವುದಿಲ್ಲ. ನನ್ನ ಹೆಂಡತಿಯ ಶಾಸ್ತ್ರವೇ ಇದು, ಪ್ರಮಾಣ ಮಾತ್ರ ದೊಡ್ಡದು. ಆದರೆ ನಮ್ಮಲ್ಲಿ ಆ ನೀರು ಎಲ್ಲಿಂದ ಬರಬೇಕು? ಗಣಿಯ ಕಾಲದಲ್ಲಿ ಪಾಲಾರ್ ನದಿಯ ನೀರನ್ನು ಬೇತಮಂಗಲದಿಂದ ತಂದು ಊರಿಗೆ ಕುಡಿಸಿದರು. ಇಂದು ಜಿಲ್ಲೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕುಡಿಯುವ ನೀರನ್ನು ದಿಬ್ಬಕ್ಕೆ ಸುರಿಯಬೇಕೆಂದು ಯಾರೂ ಹೇಳಲಾರರು. ಅದೂ ಅಲ್ಲದೆ, ಕೆಸರನ್ನು ಮತ್ತೆಲ್ಲಿಯೋ ಕಟ್ಟೆ ಕಟ್ಟಿ ನಿಲ್ಲಿಸಬೇಕು; ಅದೇ ದೇಶದ ಮೆರಿಸ್ಪ್ರೂಟ್ ಎಂಬಲ್ಲಿ 1994ರ ಫೆಬ್ರವರಿಯ ಒಂದು ರಾತ್ರಿ ಮಳೆಗೆ ಅಂಥ ಕಟ್ಟೆ ಒಡೆದು, ಮನೆಗಳ ಮೇಲೆ ಕೆಸರು ನುಗ್ಗಿ 17 ಮಂದಿ ಸತ್ತರು. ಇವು ಸುಲಭದ ಪ್ರಶ್ನೆಗಳಲ್ಲ. ಬಲ್ಲವರು ಉತ್ತರ ಹುಡುಕಲಿ. ಉತ್ತರವನ್ನು ಊರಿನವರ ಮುಂದಿಟ್ಟು, ನಮಗೆ ತಿಳಿಯುವ ಭಾಷೆಗಳಲ್ಲಿ, ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಓದಿ ಹೇಳಲಿ ಎಂಬುದಷ್ಟೇ ನನ್ನ ಹಟ.

ನಾನು ಕೇಳುವುದು ಸಣ್ಣದು. ದಿಬ್ಬಕ್ಕೆ ಸಮೀಪದ ಪ್ರತಿಯೊಂದು ಶಾಲೆಯಲ್ಲಿ ಗಾಳಿಯ ಧೂಳನ್ನು ಅಳೆಯುವ ಉಪಕರಣವಿಟ್ಟು, ಆ ದಿನದ ಅಳತೆಯನ್ನು ಶಾಲೆಯ ಬಾಗಿಲಲ್ಲಿ ಸೀಮೆಸುಣ್ಣದಿಂದ ಬರೆಯಲಿ. ಅಗೆಯಲು ಆರಂಭಿಸುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಬರೆಯಲಿ, ಇಲ್ಲವಾದರೆ ನಾಳೆ ಯಾವುದಕ್ಕೆ ಹೋಲಿಸುವುದು? ಅಳತೆ ಮಿತಿ ದಾಟಿದ ದಿನ ಮೈದಾನದ ಆಟ ನಿಲ್ಲುವಂತೆಯೇ ದಿಬ್ಬದ ಯಂತ್ರವೂ ನಿಲ್ಲಲಿ. ಆಷಾಢ ಶ್ರಾವಣಗಳ ಗಾಳಿಯಲ್ಲಂತೂ ಅಗೆತ ಬೇಡವೇ ಬೇಡ. ಸದ್ಯಕ್ಕೆ ಮುಟ್ಟದ ದಿಬ್ಬಗಳ ಮೇಲೆ ಮಣ್ಣು ಹರಡಿ, ಹುಲ್ಲೋ ಪೊದೆಯೋ ಬದುಕುವುದನ್ನು ನೆಡಲಿ. ವರ್ಷಕ್ಕೊಮ್ಮೆ ಮಕ್ಕಳ ಎದೆಯ ಪರೀಕ್ಷೆಯಾಗಲಿ. ಗಣಿಯ ಆಸ್ಪತ್ರೆ ಗಣಿಯೊಂದಿಗೇ ಮುಚ್ಚಿಹೋದ ಊರಿನಲ್ಲಿ ಈ ಕೊನೆಯದು ಹೆಚ್ಚಿನ ಬೇಡಿಕೆಯೆಂದು ಯಾರಿಗೂ ತೋರಲಾರದು.

ಇಷ್ಟನ್ನೇ ಒಂದು ಅರ್ಜಿಯಾಗಿ ಬರೆದು, ಕೊಡೆ ಹಿಡಿದು ನಾಲ್ಕು ಲೈನುಗಳ ಮನೆಮನೆಗೂ ಹೋದೆ. ತಾತ ಅಜ್ಜಿಯರೆಲ್ಲ ಸಹಿ ಹಾಕಿದರು. ಕೆಲವರು ಹೆಬ್ಬೆಟ್ಟು ಒತ್ತಿದರು. ಒಂದು ಮನೆಯಲ್ಲಿ ಮಾತ್ರ, ಗಣಿಯಲ್ಲಿ ಮೂವತ್ತು ವರ್ಷ ದುಡಿದ ನನ್ನ ಸಮವಯಸ್ಕರೊಬ್ಬರು ಕಾಗದವನ್ನು ಪೂರ್ತಿ ಓದಿಸಿಕೊಂಡು, “ಮೇಷ್ಟ್ರೇ, ಇಪ್ಪತ್ತು ವರ್ಷದ ಮೇಲೆ ಏನೋ ಒಂದು ಕೆಲಸ ಬರುವ ಹಾಗಿದೆ. ನಿಮ್ಮ ಕಾಗದ ನೋಡಿ ಅವರು ವಾಪಸ್ಸು ಹೋದರೆ?” ಎಂದರು. ಅವರ ಮೊಮ್ಮಗ ಅಲ್ಲೇ ಹೊಸಲಿನ ಮೇಲೆ ಕುಳಿತು ಕೆಮ್ಮುತ್ತಿದ್ದ. ನೆಗಡಿಯ ಕೆಮ್ಮೇ ಇರಬಹುದು. ನಾನು ಏನೂ ಹೇಳಲಿಲ್ಲ. ಕಾಗದವನ್ನು ಅವರ ಬಳಿಯೇ ಬಿಟ್ಟು ಬಂದಿದ್ದೇನೆ. ಬರುವ ಭಾನುವಾರ ಮಗ ಮನೆಯಲ್ಲಿರುತ್ತಾನೆ, ಕೇಳಿ ಹೇಳುತ್ತೇನೆ ಎಂದಿದ್ದಾರೆ.