ಗುಂಡಿಯಲ್ಲಿ ಕೂತ ಸುಂದರಿ!

ಮೊದಲಿಗೇ ಒಂದು ಪ್ರಶ್ನೆ. ಟಿಕೆಟ್ ಇಲ್ಲ, ಥಿಯೇಟರ್ ಇಲ್ಲ, ಪೋಸ್ಟರ್ ಇಲ್ಲ... ಆದರೂ ಹೌಸ್‌ಫುಲ್ ಆದ ಷೋ ಯಾವುದು?

ತಲೆ ಕೆರೆದುಕೊಳ್ಳಬೇಡಿ, ನಾನೇ ಹೇಳ್ತೀನಿ. 2017ರ ಅಕ್ಟೋಬರ್. ಬೆಂಗಳೂರಿನ ಕಬ್ಬನ್ ರಸ್ತೆ, ಕಾಮರಾಜ ರಸ್ತೆ ಕೂಡುವ ಜಾಗ. ನಡುರಸ್ತೆಯಲ್ಲಿ ಗುಂಡಿ. ಗುಂಡಿಯೊಳಗೆ ಮತ್ಸ್ಯಕನ್ಯೆ! ಬಾಲ ಚಾಚಿಕೊಂಡು ಕೂತಿದ್ದಾಕೆ ಯಾರು ಅಂತೀರಿ? 2008ರ ‘ಇಂತಿ ನಿನ್ನ ಪ್ರೀತಿಯ’ ಚಿತ್ರದಲ್ಲಿ ನೀವು ಕಂಡ ಸೋನು ಗೌಡ! ಸ್ಕೂಟರಿನವರು ಬ್ರೇಕ್ ಹಾಕಿದರು. ನಗುತ್ತಾ ನೋಡಿದರು. ಆಮೇಲೆ ಗುಂಡಿಯನ್ನೂ ನೋಡಿದರು. ಷೋ ಗೆದ್ದಿದ್ದು ಅಲ್ಲೇ.

ಈ ಷೋನ ಡೈರೆಕ್ಟರು ಬಾದಲ್ ನಂಜುಂಡಸ್ವಾಮಿ. ಮೈಸೂರಿನವರು. ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಕಲಾವಿದ. ಚಿತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು ಬಿಟ್ಟು ಬೀದಿಗೇ ಇಳಿದ ಪುಣ್ಯಾತ್ಮ!

ಇದಕ್ಕೂ ಮುಂಚೆ, 2015ರ ಜೂನ್‌ನಲ್ಲಿ, ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಇವರು ಒಂದು ಮೊಸಳೆ ಬಿಟ್ಟಿದ್ದರು. ನಮ್ಮ ದಾಂಡೇಲಿಯವರಿಗೆ ಕಾಳಿ ನದಿಯ ಮೊಸಳೆ ಹೊಸದಲ್ಲ ಬಿಡಿ. ಆದರೆ ಬೆಂಗಳೂರಿನ ಬಸ್ ರಸ್ತೆಯಲ್ಲಿ? ಸುಮಾರು 20 ಕಿಲೋ ತೂಕದ ಬೊಂಬೆ ಮೊಸಳೆ, ಖರ್ಚು ಸುಮಾರು 6000 ರೂಪಾಯಿ, ಅದೂ ಸ್ವಂತ ಜೇಬಿನಿಂದ. ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದ ಗುಂಡಿ ಆಗಿನ ಪಾಲಿಕೆಯ ಕಣ್ಣಿಗೆ ತಟ್ಟನೆ ಬಿತ್ತು. ರಿಪೇರಿಯೂ ಆಯಿತು!

ಇನ್ನು 2019ರ ಸೆಪ್ಟೆಂಬರ್. ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಕಾಯುತ್ತಿದ್ದ ವಾರ. ಅದೇ ಹೊತ್ತಿಗೆ ಒಂದು ನಿಮಿಷದ ವಿಡಿಯೋ ಬಂತು. ಕತ್ತಲು, ಬೂದು ನೆಲ, ದೊಡ್ಡ ದೊಡ್ಡ ಕುಳಿಗಳು. ಬಿಳಿ ಉಡುಪಿನ ಗಗನಯಾತ್ರಿ ನಿಧಾನ... ನಿಧಾನ... ಹೆಜ್ಜೆ ಇಡುತ್ತಾನೆ. ಆಹಾ, ಚಂದ್ರಲೋಕ! ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹೋಗಬೇಕೇ! ಅದು ಹೇರೋಹಳ್ಳಿ ಕಡೆಯ ತುಂಗಾನಗರ ಮುಖ್ಯರಸ್ತೆ. ಗಗನಯಾತ್ರಿ ಯಾರು? ನಮ್ಮ ಸಿನಿಮಾ ನಟ ಪೂರ್ಣಚಂದ್ರ ಮೈಸೂರು.

ಸಿನಿಮಾ ಹುಚ್ಚು ಹಿಡಿದ ತಮ್ಮಂದಿರು ಆ ಒಂದು ನಿಮಿಷವನ್ನು ನಾಲ್ಕು ಸಲ ನೋಡಬೇಕು. ಕೋಟಿಯ ಸೆಟ್ಟಿಲ್ಲ, ಕ್ರೇನಿಲ್ಲ. ರಾತ್ರಿಯ ಕತ್ತಲು, ಕುಳಿಗಳಿಗೆ ಬಳಿದ ಬಣ್ಣ, ಕ್ಯಾಮೆರಾ ಏನನ್ನು ತೋರಿಸಬೇಕು, ಏನನ್ನು ಬಚ್ಚಿಡಬೇಕು ಅನ್ನೋ ಲೆಕ್ಕಾಚಾರ. ಆಟೋ ಬರುವ ಗಳಿಗೆ ಇದೆಯಲ್ಲ, ಅದೇ ಇಂಟರ್‌ವಲ್ ಪಂಚ್! ಕಲಾನಿರ್ದೇಶನ ಅಂದ್ರೆ ಇದೇ.

*

‘ಅಣ್ಣಾ, ಇದೆಲ್ಲ ಬೆಂಗಳೂರಿನ ಮಾತಾಯಿತು. ಅಣಶಿಯಲ್ಲಿ ಬಸ್ ಕಾಯ್ತಾ ಕೂತ ನಮಗೇನಿದೆ? ಥಿಯೇಟರೂ ಇಲ್ಲ, ಆರ್ಟ್ ಗ್ಯಾಲರಿಯೂ ಇಲ್ಲ. ಇರೋದು ಘಾಟಿ, ಕಾಡು, ಮಳೆ’ ಅಂತೀರಾ?

ಸ್ವಲ್ಪ ತಾಳಿ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ‘ಪರಮಾತ್ಮ’ದಲ್ಲಿ ನಿಮ್ಮನ್ನು ನಗಿಸಿದ ಪ್ರಶಾಂತ್ ಸಿದ್ದಿ ಇದ್ದಾರಲ್ಲ, ಅವರ ಜನ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಹರಿದ ಸೀರೆ, ಹಳೇ ಅಂಗಿ, ಮಕ್ಕಳ ಫ್ರಾಕು... ಎಲ್ಲದರಿಂದ ತುಂಡು ಕತ್ತರಿಸುತ್ತಾರೆ. ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತುತ್ತಾ, ನಡುವಿಗೆ ಬಂದು ಮುಗಿಸುತ್ತಾರೆ. ಮುಂಚಿತವಾಗಿ ಬರೆದುಕೊಂಡ ನಕ್ಷೆ ಇಲ್ಲ. ಕೆಂಪಿನ ಪಕ್ಕ ಹಳದಿಯೋ ನೀಲಿಯೋ ಅಂತ ಕೈಯೇ ತೀರ್ಮಾನಿಸುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ‘ಹೂವು’ ಇಡುತ್ತಾರೆ. ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಡ್ರೂವಲ್ ಇದನ್ನು ಹುಡುಕಿಕೊಂಡು ನಮ್ಮ ಕಾಡಿಗೆ ಬಂದರು. ಈ ಕೌದಿಗಳು ಸಮುದ್ರ ದಾಟಿ ಅಮೆರಿಕದ ಮ್ಯೂಸಿಯಮ್ಮಿನ ಗೋಡೆ ಏರಿದವು. ಅದೇ ಕೌದಿ ಇಲ್ಲಿ ಮಂಚದ ಮೇಲಿದ್ದಾಗ ನಾವು ‘ಹಾಸಿಗೆ’ ಅಂದುಕೊಂಡು ಮೇಲೆ ಮಲಗಿದ್ದೆವು!

ಇನ್ನೂ ಬೇಕೆ? ಮುಂಡಗೋಡದ ನೆರೆಯಲ್ಲೇ ಶಿಗ್ಗಾಂವಿ ತಾಲೂಕು. ಅಲ್ಲಿ ಹೆದ್ದಾರಿ ಬದಿಯ ಗೊಟಗೋಡಿಯಲ್ಲಿ ಉತ್ಸವ್ ರಾಕ್ ಗಾರ್ಡನ್ ಇದೆ. ಕಟ್ಟಿದವರು 2020ರಲ್ಲಿ ನಮ್ಮನ್ನಗಲಿದ ಟಿ.ಬಿ. ಸೊಲಬಕ್ಕನವರ. ನಿಜವಾದ ಹಳ್ಳಿಗರನ್ನೇ ನೋಡಿ ಅಚ್ಚೆರೆದಂಥ ಮೂರ್ತಿಗಳು. ಹತ್ತಿರ ಹೋದರೆ ಮಾತಾಡಿಸಬೇಕು ಅನ್ನಿಸುತ್ತದೆ. ಅಣ್ಣಾವ್ರ ಚಿತ್ರಗಳ ಪಾತ್ರಗಳೂ ಅಲ್ಲಿ ಮೂರ್ತಿಯಾಗಿ ನಿಂತಿವೆ. ಅಭಿಮಾನಿಗೆ ಇದಕ್ಕಿಂತ ಯಾತ್ರೆ ಬೇಕೆ?

*

ಈಗ ನನ್ನ ಮನಸ್ಸಿನ ಮಾತು. ಬೀದಿಯ ಕಲೆಯನ್ನು ಮೊದಲು ಕಂಡವರೇ ನಾವು, ಸಿನಿಮಾ ಜನ. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ಮುಗಿಲಿಗೆ ಮುಟ್ಟುತ್ತಿದ್ದ ಕಟೌಟ್ ಮತ್ತೇನು? ಸಣ್ಣ ಫೋಟೋ ಮೇಲೆ ಚೌಕ ಗೆರೆ ಎಳೆದು, ಅದನ್ನೇ ಹತ್ತಾರು ಅಡಿಗೆ ಹಿಗ್ಗಿಸಿ, ಪ್ಲೈವುಡ್ ಮೇಲೆ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು. ನಾವು ಹಾರ ಹಾಕಿದ್ದು, ಹಾಲು ಸುರಿದದ್ದು ನಾಯಕನಿಗೆ. ಆ ಕಣ್ಣು, ಆ ಮೀಸೆ ಬರೆದವನ ಹೆಸರು ಕೇಳಿದ್ದೆವಾ? ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ ಹಿಡಿದ ಕೈಗಳು ಕೆಲಸ ಕಳೆದುಕೊಂಡವು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳನ್ನು ಕಿತ್ತರು. ಬ್ರಷ್ಷಿನವರು ಮಾತ್ರ ವಾಪಸ್ ಬರಲಿಲ್ಲ.

ಹಾಗಾಗಿ ಅಭಿಮಾನಿ ಸಂಘದ ಹುಡುಗರಿಗೆ ಒಂದು ಸವಾಲು. ನಿಮ್ಮ ಹೀರೋನ ಮುಂದಿನ ಚಿತ್ರಕ್ಕೆ ಫ್ಲೆಕ್ಸ್ ಬೇಡ. ನಿಮ್ಮೂರಿನ ಬೋರ್ಡ್ ಬರೆಯುವವನನ್ನು ಕರೆಯಿರಿ, ಒಂದೇ ಒಂದು ಕಟೌಟ್ ಬರೆಸಿ, ಕೆಳಗೆ ಅವನ ಹೆಸರನ್ನೂ ಹಾಕಿಸಿ. ಮನೆಗೆ ಹೋದ ಮೇಲೆ ಅಜ್ಜಿಯ ಕೌದಿ ಬಿಚ್ಚಿ, ಯಾವ ತುಂಡು ಯಾರ ಅಂಗಿಯದು ಅಂತ ಕೇಳಿ. ಟೈಟಲ್ ಕಾರ್ಡೇ ಇಲ್ಲದ ಕಲಾನಿರ್ದೇಶಕಿ ನಿಮ್ಮ ಮನೆಯಲ್ಲೇ ಇರಬಹುದು.

ಬಸ್ ಬಂತು, ಹತ್ತಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಕಣ್ಣು ತೆರೆದಿರಲಿ... ಮುಂದಿನ ವಾರ ಸಿಗೋಣ!