ಕಾರ್ಯಕ್ರಮ ಮುಗಿದ ಮೇಲಿನ ಗಂಡಾಂತರ

ರಾಕ್ ಸಂಗೀತಗಾರರು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಉದ್ದ ಕೂದಲು, ಕಿವಿಗಡಚಿಕ್ಕುವ ಗಿಟಾರ್, ಕೈಯಲ್ಲಿ ಮದ್ಯದ ಸೀಸೆ, ಜೊತೆಗೆ ಮಾದಕ ವಸ್ತು. ಇವರ ಆರೋಗ್ಯ ಕೆಡಲು ಇನ್ನೇನು ಬೇಕು ಎಂದು ನೀವು ಕೇಳಬಹುದು. ಈ ವ್ಯಸನಗಳ ಹಾನಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇನ್ನೂ ಹೆಸರು ಮಾಡದೆ ಊರೂರು ಸುತ್ತುವ ಸಣ್ಣ ತಂಡಗಳ ಹುಡುಗರಿಗೆ ಇನ್ನೊಂದು ಶತ್ರು ದಿನವೂ ಕಾದು ಕುಳಿತಿರುತ್ತದೆ. ನಿದ್ದೆಗೆಟ್ಟು ಗಾಡಿ ಓಡಿಸುವುದೇ ಆ ಶತ್ರು.

ಅಮೆರಿಕದಲ್ಲಿ ಇಂಥ ತಂಡವೊಂದರ ದಿನಚರಿಯನ್ನು ನೋಡಿ. ಅವರು ನುಡಿಸುವುದು ನೂರಿನ್ನೂರು ಜನ ಹಿಡಿಸುವ ಕ್ಲಬ್ಬುಗಳಲ್ಲಿ. ಬೆಳಿಗ್ಗೆ ಎಂಟಕ್ಕೆ ಎದ್ದು ಐದಾರು ಗಂಟೆ ವ್ಯಾನಿನಲ್ಲಿ ಪ್ರಯಾಣ. ಸಂಜೆ ಡ್ರಮ್ಮು, ಆಂಪ್ಲಿಫೈಯರುಗಳನ್ನು ತಾವೇ ಹೊತ್ತು ಇಳಿಸಬೇಕು. ಧ್ವನಿ ಪರೀಕ್ಷೆ ಮುಗಿಸಿ ಗಂಟೆಗಟ್ಟಲೆ ಕಾಯಬೇಕು. ರಾತ್ರಿ ಹತ್ತು-ಹನ್ನೊಂದಕ್ಕೆ ಮುಕ್ಕಾಲು ಗಂಟೆ ನುಡಿಸಿ, ಟೀ ಶರ್ಟು ಮಾರಿ, ಮತ್ತೆ ಸಾಮಾನು ಹೇರುವಷ್ಟರಲ್ಲಿ ಒಂದು ಗಂಟೆ. ಹೋಟೆಲಿಗೆ ಕೊಡಲು ಹಣವಿಲ್ಲ, ನಾಳೆಯ ಊರು ದೂರ. ಆದ್ದರಿಂದ ಅವರಲ್ಲೇ ಒಬ್ಬ ಸ್ಟಿಯರಿಂಗ್ ಹಿಡಿಯುತ್ತಾನೆ.

ಪೋರ್ಟ್‌ಲೆಂಡ್ ನಗರದ ‘ಎಕ್ಸ್‌ಪ್ಲೋಡಿಂಗ್ ಹಾರ್ಟ್ಸ್’ ಎಂಬ ನಾಲ್ವರ ತಂಡ 2003ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಕ್ಲಬ್ಬೊಂದರಲ್ಲಿ ನುಡಿಸಿ ಊರಿಗೆ ಹೊರಟಿತ್ತು. ದಾರಿ ಸುಮಾರು ಸಾವಿರ ಕಿಲೋಮೀಟರ್. ಜುಲೈ 20ರಂದು ಒರೆಗಾನ್ ರಾಜ್ಯದಲ್ಲಿ ವ್ಯಾನ್ ಉರುಳಿ, ನಾಲ್ವರಲ್ಲಿ ಮೂವರು ಸತ್ತರು. ಓಡಿಸುತ್ತಿದ್ದವನು ನಿದ್ದೆಗೆ ಜಾರಿದ್ದೇ ಕಾರಣವೆಂದು ವರದಿಯಾಯಿತು. ಅವರೆಲ್ಲ ಇಪ್ಪತ್ತು ದಾಟಿದ ಹುಡುಗರು. ಅವರ ಮೊದಲ ಆಲ್ಬಂ ಹೊರಬಂದದ್ದು ಅದೇ ವರ್ಷ.

ದೇಹದೊಳಗೆ ಒಂದು ಗಡಿಯಾರವಿದೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಅದು ನಮ್ಮನ್ನು ಬಲವಂತವಾಗಿ ನಿದ್ದೆಯ ಕಡೆಗೆ ಎಳೆಯುತ್ತದೆ. ವೇದಿಕೆಯಿಂದ ಈಗಷ್ಟೇ ಇಳಿದವನಿಗೆ ಇದು ತಿಳಿಯುವುದಿಲ್ಲ. ಪ್ರಖರ ದೀಪ, ಚಪ್ಪಾಳೆ, ಅಬ್ಬರಗಳಿಂದ ಅವನ ರಕ್ತದಲ್ಲಿ ಅಡ್ರಿನಲಿನ್ ಏರಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ‘ನನಗೇನೂ ನಿದ್ದೆ ಬರುತ್ತಿಲ್ಲ, ನಾನೇ ಓಡಿಸುತ್ತೇನೆ’ ಎಂದು ಅವನು ಹೇಳುವುದು ಸುಳ್ಳಲ್ಲ. ಆದರೆ ಆ ಉಬ್ಬರ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಗಾಡಿ ಕತ್ತಲ ಹೆದ್ದಾರಿಯಲ್ಲಿರುತ್ತದೆ, ಉಳಿದವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ. ಆಗ ಬರುವುದು ಕ್ಷಣನಿದ್ರೆ. ಮೂರು ನಾಲ್ಕು ಸೆಕೆಂಡು ಮಿದುಳು ಮಲಗಿಬಿಡುತ್ತದೆ, ಕೆಲವೊಮ್ಮೆ ಕಣ್ಣು ತೆರೆದಿರುವಾಗಲೇ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ ನೂರಹತ್ತು ಮೀಟರ್ ಸಾಗುತ್ತದೆ!

ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಿಡತಕ್ಕದ್ದು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣುಗಳ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದರೆ ಶೇ. 0.10ರಷ್ಟು. ನಮ್ಮ ಮೋಟಾರು ವಾಹನ ಕಾಯಿದೆ ಒಪ್ಪುವ ಮಿತಿ ಶೇ. 0.03 ಮಾತ್ರ. ಬೆಳಿಗ್ಗೆ ಎಂಟಕ್ಕೆ ಎದ್ದವನಿಗೆ ರಾತ್ರಿ ಒಂದು ಗಂಟೆಗೆ ಸರಿಯಾಗಿ 17 ಗಂಟೆ ತುಂಬುತ್ತದೆ. ತೊಟ್ಟು ಮದ್ಯ ಮುಟ್ಟದಿದ್ದರೂ ಅವನು ಕುಡಿದವನಂತೆಯೇ. ವ್ಯತ್ಯಾಸವಿಷ್ಟೆ: ಪೊಲೀಸರ ಊದುವ ಯಂತ್ರ ಅವನನ್ನು ಹಿಡಿಯಲಾರದು.

ಕಿಟಕಿ ತೆರೆದರೆ, ಹಾಡು ಜೋರಾಗಿ ಹಾಕಿದರೆ, ಮುಖಕ್ಕೆ ನೀರೆರಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಇವೆಲ್ಲ ಕೆಲವೇ ನಿಮಿಷಗಳ ಉಪಾಯಗಳು. ಕಾಫಿಗೆ ಗುಣವಿದೆ, ಆದರೆ ಅದು ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ತೀರಾ ಅನಿವಾರ್ಯವಾದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಕೂಡಲೇ ಇಪ್ಪತ್ತು ನಿಮಿಷ ಮಲಗಿ. ಇದೂ ತಾತ್ಕಾಲಿಕವೇ, ಇಡೀ ರಾತ್ರಿಯ ಸಾಲವನ್ನು ತೀರಿಸದು.

ಹಿಂದಿನ ಸೀಟಿನಲ್ಲಿ ಅಡ್ಡಾದವರೂ ಕ್ಷೇಮವೆಂದು ತಿಳಿಯಬೇಡಿ. ಸ್ವತಃ ವ್ಯಾನ್ ಓಡಿಸಿ, ಸ್ವತಃ ಸಾಮಾನು ಹೊತ್ತು, ಅಗ್ಗದಲ್ಲಿ ಪ್ರವಾಸ ಮಾಡುವುದಕ್ಕೇ ಹೆಸರಾಗಿದ್ದ ತಂಡ ‘ಮಿನಿಟ್‌ಮೆನ್’. ಅದರ ಗಾಯಕ ಡಿ. ಬೂನ್ 1985ರ ಡಿಸೆಂಬರ್ 22ರಂದು ಜ್ವರದಿಂದ ವ್ಯಾನಿನ ಹಿಂಭಾಗದಲ್ಲಿ ಮಲಗಿದ್ದ. ಸೀಟ್ ಬೆಲ್ಟ್ ಇರಲಿಲ್ಲ. ಅರಿಜೋನಾದ ರಸ್ತೆಯಲ್ಲಿ ವ್ಯಾನ್ ದಾರಿ ಬಿಟ್ಟಾಗ ಹೊರಕ್ಕೆ ಎಸೆಯಲ್ಪಟ್ಟು ಸತ್ತ. ವಯಸ್ಸು 27.

ಹಾಗಾದರೆ ಮಾಡಬೇಕಾದ್ದೇನು? ಹುಡುಗರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಅವರು ಹೊರಡುವುದು ಹುಂಬತನಕ್ಕಿಂತ ಹೆಚ್ಚಾಗಿ ಹಣದ ಮುಗ್ಗಟ್ಟಿನಿಂದ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಇದರ ಹೊಣೆ ಕರೆಸಿದವರ ಮೇಲೂ ಇದೆ. ಜರ್ಮನಿ, ನೆದರ್ಲೆಂಡ್ಸ್ ದೇಶಗಳ ಎಷ್ಟೋ ಸಣ್ಣ ಕ್ಲಬ್ಬುಗಳು ಬಂದ ತಂಡಕ್ಕೆ ಊಟ ಹಾಕಿ, ಮಲಗಲು ಜಾಗವನ್ನೂ ಕೊಡುವ ವಾಡಿಕೆ ಇಟ್ಟುಕೊಂಡಿವೆ. ಅಮೆರಿಕದ ಕ್ಲಬ್ಬುಗಳಲ್ಲಿ ಅನೇಕ ಕಡೆ ಸಿಗುವುದು ಪುಕ್ಕಟೆ ಬಿಯರ್. ಮದ್ಯ ಬೇಗ ತೂಕಡಿಕೆ ತರುತ್ತದೆ, ಆದರೆ ನಿದ್ದೆಯ ಉತ್ತರಾರ್ಧವನ್ನು ಕೆಡಿಸುತ್ತದೆ. ಬಿಯರಿನ ಬದಲು ಒಂದು ಹಾಸಿಗೆ ಕೊಟ್ಟರೆ ಅದೇ ದೊಡ್ಡ ಔಷಧ.

ತಂಡಗಳೂ ಮೂರು ನಿಯಮ ಪಾಲಿಸಬೇಕು. ನುಡಿಸಿದ ರಾತ್ರಿ ದೂರ ಪ್ರಯಾಣ ಬೇಡ. ಹೊಸ ಆಂಪ್ಲಿಫೈಯರಿಗೆ ಹಣ ಕೂಡಿಸುವ ಮೊದಲು ಕೋಣೆಯ ಬಾಡಿಗೆ ಎತ್ತಿಡಿ. ಗಾಡಿ ಚಲಿಸುವಾಗ ಮಲಗಿದವನೂ ಬೆಲ್ಟ್ ಹಾಕಿರಲಿ.

ಇದು ದೂರದ ದೇಶದ ಮಾತು ಎಂದು ಪುಟ ತಿರುವಬೇಡಿ. ಜಾತ್ರೆಗಳಲ್ಲಿ, ಗಣೇಶೋತ್ಸವಗಳಲ್ಲಿ ಹಾಡುವ ನಮ್ಮ ಆರ್ಕೆಸ್ಟ್ರಾ ತಂಡಗಳೂ ವಾದ್ಯಗಳನ್ನು ಟೆಂಪೋಗೆ ತುಂಬಿ ರಾತ್ರೋರಾತ್ರಿ ಊರಿಗೆ ಮರಳುತ್ತವೆ. ‘ಒನ್ಸ್ ಮೋರ್’ ಎಂದು ಕೂಗಿ ಹನ್ನೆರಡರವರೆಗೆ ಹಾಡಿಸಿದ ನಾವು ಮನೆಗೆ ಹೋಗಿ ಮಲಗುತ್ತೇವೆ. ನೀವು ಉತ್ಸವ ಸಮಿತಿಯಲ್ಲಿದ್ದರೆ ಈ ಸಲ ಒಂದು ಕೆಲಸ ಮಾಡಿ: ಶಾಲೆಯ ಕೊಠಡಿಯನ್ನೋ ಸಮುದಾಯ ಭವನವನ್ನೋ ತೆರೆಸಿ, ಚಾಪೆ, ಹೊದಿಕೆ, ಕುಡಿಯುವ ನೀರು ಇಡಿಸಿ. ಹಾಡಿದವರಿಗೂ, ಮುಖ್ಯವಾಗಿ ಅವರ ಚಾಲಕನಿಗೂ, ‘ಬೆಳಿಗ್ಗೆ ಕಾಫಿ ಕುಡಿದು ಹೊರಡಿ’ ಎಂದು ಹೇಳಿ. ಹಾರ, ಶಾಲುಗಳಿಗಿಂತ ಅದು ದೊಡ್ಡ ಸನ್ಮಾನ.