ಮನೆವಾರ್ತೆ: ಕಡಲಾಚೆಯವರೂ ಊರಿನ ಹಣವೂ



ಪರದೇಶಕ್ಕೆ ಹೊರಟವರ ಮನೆಯಲ್ಲಿ ನಡೆಯುವ ಸಡಗರವನ್ನು ನಾವೆಲ್ಲರೂ ಕಂಡವರೇ. ಹುಳಿಪುಡಿ ಚಟ್ನಿಪುಡಿಗಳ ಗಂಟು ಕಟ್ಟುವರು; ಪೆಟ್ಟಿಗೆಯನ್ನು ಮೂರು ಸಲ ತೂಗುವರು; ಬೆಚ್ಚನೆಯ ಬಟ್ಟೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವರು. ಆದರೆ ಊರಿನ ಬ್ಯಾಂಕಿನಲ್ಲಿರುವ ಹಣವು ಅಲ್ಲಿ ಕೈಗೆ ದೊರೆಯುವ ಬಗೆ ಹೇಗೆಂದು ವಿಚಾರಿಸುವವರು ವಿರಳ. ಈ ಉದಾಸೀನದಿಂದ ಒದಗುವ ಕಷ್ಟವೆಂತಹುದೆಂಬುದಕ್ಕೆ ನಮ್ಮ ಪರಿಚಯದ ಒಬ್ಬ ವೃದ್ಧೆಯ ಸಂಗತಿಯನ್ನೇ ಹೇಳುವೆವು.

ಆಕೆ ಮೈಸೂರಿನವರು, ಪತಿ ಶಾಲಾ ಉಪಾಧ್ಯಾಯರಾಗಿದ್ದವರು. ಅವರ ಕಾಲಾನಂತರ ಬರುತ್ತಿದ್ದ ಕುಟುಂಬ ಪಿಂಚಣಿಯು ತಿಂಗಳು ತಿಂಗಳಿಗೂ ಬ್ಯಾಂಕಿನಲ್ಲಿ ಜಮೆಯಾಗುತ್ತಿದ್ದಿತು. ಒಬ್ಬನೇ ಮಗನು ತಾಯಿಯನ್ನು ಅಮೆರಿಕದ ನ್ಯೂ ಜೆರ್ಸಿಗೆ ಕರೆದುಕೊಂಡುಹೋದನು. ಮೈಸೂರಿನ ಮೊಬೈಲು ಫೋನು ಬೀರುವಿನಲ್ಲಿಯೇ ಉಳಿಯಿತು. ಎರಡನೆಯ ವರ್ಷ ನಂಜನಗೂಡಿನಲ್ಲಿ ಆಕೆಯ ತಂಗಿಯ ಮಗಳಿಗೆ ವಿವಾಹ ನಿಶ್ಚಯವಾಯಿತು. ತಾವೇ ಎತ್ತಿ ಆಡಿಸಿದ ಮಗು. ಮುಯ್ಯಿ ಮಾಡಬೇಕೆಂದು ಆಕೆಗೆ ಆಸೆ. ಬ್ಯಾಂಕಿನಿಂದ ಹಣ ಕಳುಹಿಸಹೋದರೆ, ಗುಪ್ತಸಂಖ್ಯೆಯು ಬೀರುವಿನಲ್ಲಿದ್ದ ಆ ಹಳೆಯ ನಂಬರಿಗೇ ಹೋಗಬೇಕು; ನಂಬರಾದರೋ ಬಳಕೆಯಿಲ್ಲದೆ ರದ್ದಾಗಿದ್ದಿತು. ಬ್ಯಾಂಕಿನವರು ಖುದ್ದಾಗಿ ಬರಬೇಕೆಂದರು. ಹಣವಿದ್ದುದು ಮದುವೆಯ ಮನೆಗೆ ಹದಿನೈದು ಮೈಲಿ ದೂರದಲ್ಲಿ. ಹಣದ ಒಡತಿ ಇದ್ದುದು ಏಳು ಸಮುದ್ರಗಳ ಆಚೆ!

ಮಗನು ಸತ್ಪುತ್ರನೇ. “ಅಮ್ಮ, ನಿನಗೇಕೆ ಈ ಯೋಚನೆ? ನಾನು ಕಳುಹಿಸುವೆನಲ್ಲ” ಎಂದನು. ಅದಕ್ಕೆ ಆಕೆ, “ನೀನು ಕೊಡುವುದಕ್ಕೂ ನಾನು ಕೊಡುವುದಕ್ಕೂ ಭೇದವಿಲ್ಲವೇನಪ್ಪ?” ಎಂದು ಸುಮ್ಮನಾದರಂತೆ. ಈ ಭೇದವನ್ನು ಅರಿತ ಗೃಹಸ್ಥರಿಗಾಗಿಯೇ ಈ ತಿಂಗಳ ನಮ್ಮ ಬರಹ.

ಮೊದಲನೆಯದಾಗಿ ಖಾತೆಯ ವಿಚಾರ. 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯು 2000ದ ಜೂನ್ 1ರಿಂದ ಜಾರಿಯಲ್ಲಿರುವುದು. ಉದ್ಯೋಗಕ್ಕಾಗಲಿ ವ್ಯಾಪಾರಕ್ಕಾಗಲಿ, ಅಥವಾ ಇಂತಿಷ್ಟೇ ಕಾಲವೆಂಬ ಗೊತ್ತಿಲ್ಲದೆ ನೆಲಸುವುದಕ್ಕಾಗಲಿ ಹೊರಗೆ ಹೋದವರು ಇದರಂತೆ ಅನಿವಾಸಿಗಳು. ವ್ಯಾಸಂಗಕ್ಕಾಗಿ ಹೋದ ವಿದ್ಯಾರ್ಥಿಗಳನ್ನೂ ಹಾಗೆಯೇ ಎಣಿಸತಕ್ಕದ್ದೆಂದು ರಿಸರ್ವ್ ಬ್ಯಾಂಕು 2003ರಲ್ಲಿ ತಿಳಿಸಿತು. ಅಂತಹವರು ತಮ್ಮ ಸಾಧಾರಣ ಉಳಿತಾಯ ಖಾತೆಯನ್ನು ‘ಎನ್.ಆರ್.ಒ.’ ಎಂಬ ಖಾತೆಯಾಗಿ ಮಾರ್ಪಡಿಸಿಕೊಳ್ಳಬೇಕು. ಮಗಳ ಬಾಣಂತನಕ್ಕೆಂದು ನಾಲ್ಕಾರು ತಿಂಗಳು ಹೋಗಿಬರುವ ತಾಯಂದಿರಿಗೆ ಇದರ ಅಗತ್ಯವಿಲ್ಲ.

ಪಿಂಚಣಿ, ಮನೆಬಾಡಿಗೆ ಮೊದಲಾದ ಊರಿನ ವರಮಾನವು ಎನ್.ಆರ್.ಒ. ಖಾತೆಗೆ ಸೇರುವುದು. ಇದರ ಬಡ್ಡಿಯಿಂದ ನೂರಕ್ಕೆ ಮೂವತ್ತರಂತೆ ತೆರಿಗೆಯನ್ನೂ ಅದರ ಮೇಲಣ ಸೆಸ್ಸನ್ನೂ ಬ್ಯಾಂಕೇ ಮುರಿದುಕೊಳ್ಳುವುದು. ತೆರಿಗೆ ಸಂದಿದೆಯೆಂಬ ಕಾಗದಪತ್ರಗಳನ್ನು ಒಪ್ಪಿಸಿದರೆ, ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ಡಾಲರುಗಳವರೆಗೆ ಈ ಖಾತೆಯಿಂದ ಹೊರದೇಶಕ್ಕೆ ತರಿಸಿಕೊಳ್ಳಬಹುದು. ಹೊರಗೆ ಸಂಪಾದಿಸಿ ಕಳುಹಿಸುವ ಹಣಕ್ಕೆ ‘ಎನ್.ಆರ್.ಇ.’ ಎಂಬ ಬೇರೊಂದು ಖಾತೆಯುಂಟು. ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಅಸಲನ್ನೂ ಬಡ್ಡಿಯನ್ನೂ ಮರಳಿ ಒಯ್ಯುವುದಕ್ಕೆ ತಡೆಯೂ ಇಲ್ಲ.

ಎರಡನೆಯದು ಮೊಬೈಲು ನಂಬರು. ಹಿಂದೆ ಬೀಗದ ಕೈ ಸೆರಗಿನಲ್ಲಿರುತ್ತಿದ್ದಿತು. ಈಗ ಅದು ಈ ನಂಬರಿನಲ್ಲಿದೆ. ತೊಂಬತ್ತು ದಿನ ಬಳಸದೆ, ಹಣವನ್ನೂ ತುಂಬದೆ ಬಿಟ್ಟರೆ ನಂಬರು ರದ್ದಾಗುವ ಭಯವುಂಟು. ಆದುದರಿಂದ ಹೊರಡುವ ಮುನ್ನ ಊರಿನ ನಂಬರನ್ನು ಜೀವಂತವಾಗಿಡುವ ಏರ್ಪಾಡನ್ನು ಮಾಡಿಕೊಳ್ಳಬೇಕು, ಇಲ್ಲವೆ ಹೊರದೇಶದ ನಂಬರನ್ನು ಬ್ಯಾಂಕಿನಲ್ಲಿ ಬರೆಯಿಸಬೇಕು. ಅಮೆರಿಕ, ಕೆನಡಾ, ಇಂಗ್ಲೆಂಡು, ಆಸ್ಟ್ರೇಲಿಯಾ, ಸಿಂಗಪುರ ಮತ್ತು ಕೊಲ್ಲಿಯ ಕೆಲವು ರಾಜ್ಯಗಳೇ ಮೊದಲಾದ ಹತ್ತು ದೇಶಗಳ ನಂಬರುಗಳಿಂದಲೇ ಈ ಎರಡು ಬಗೆಯ ಖಾತೆಗಳಲ್ಲಿ ಯು.ಪಿ.ಐ. ನಡೆಸಲು 2023ರಲ್ಲಿ ಅನುಮತಿ ದೊರೆಯಿತು. ಆ ವೃದ್ಧೆಯ ಖಾತೆಯು ಮಾರ್ಪಟ್ಟು ಮಗನ ಮನೆಯ ನಂಬರು ಅದರಲ್ಲಿದ್ದಿದ್ದರೆ, ಮುಯ್ಯಿಯು ಧಾರೆಯ ಹೊತ್ತಿಗೆ ಸರಿಯಾಗಿ ತಲಪುತ್ತಿದ್ದಿತು.

ಮೂರನೆಯದು ಕಾರ್ಡು. 2020ರಿಂದೀಚೆಗೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುವುವು. ಹೊರದೇಶದ ಬಳಕೆಗೆ ನಾವೇ ಹೇಳಿ ಅನುವು ಮಾಡಿಸಿಕೊಳ್ಳಬೇಕು. ಅಲ್ಲಿಯ ಎ.ಟಿ.ಎಂ. ಯಂತ್ರವು, “ಲೆಕ್ಕವನ್ನು ರೂಪಾಯಿಯಲ್ಲಿ ಹಾಕಲೋ, ಇಲ್ಲಿಯ ನಾಣ್ಯದಲ್ಲಿ ಹಾಕಲೋ?” ಎಂದು ಕೇಳುವುದುಂಟು. ರೂಪಾಯಿಯೆಂಬ ಪರಿಚಿತ ಹೆಸರಿಗೆ ಮರುಳಾಗಬಾರದು. ರೂಪಾಯಿಯೆಂದರೆ ದರವನ್ನು ಗೊತ್ತುಮಾಡುವವರು ಯಂತ್ರದ ಕಡೆಯವರು; ಆ ದರವು ಸಾಮಾನ್ಯವಾಗಿ ನಮಗೆ ನಷ್ಟದ್ದೇ. ಅಲ್ಲಿಯ ನಾಣ್ಯವನ್ನೇ ಒಪ್ಪುವುದು ಲೇಸು. ಪ್ರತಿಸಲಕ್ಕೂ ಶುಲ್ಕ ತಗಲುವುದರಿಂದ, ಚೂರುಚೂರಾಗಿ ತೆಗೆಯದೆ ಬೇಕಾದಷ್ಟನ್ನು ಒಮ್ಮೆಗೇ ತೆಗೆಯುವುದೂ ಜಾಣತನ.

ನಾಲ್ಕನೆಯದು ಬಹು ಸೂಕ್ಷ್ಮವಾದುದು. “ತಮ್ಮನೇ ಇದ್ದಾನಲ್ಲ” ಎಂದು ಕಾರ್ಡನ್ನೂ ಅದರ ಗುಪ್ತಸಂಖ್ಯೆಯನ್ನೂ, ಬರಿಯ ಸಹಿಮಾಡಿದ ಚೆಕ್ಕುಗಳನ್ನೂ ಬಿಟ್ಟುಹೋಗುವ ವಾಡಿಕೆಯನ್ನು ನಾವು ಕಂಡಿದ್ದೇವೆ. ತಮ್ಮನು ಪ್ರಾಮಾಣಿಕನೇ ಇರಬಹುದು. ಆದರೆ ಹಣವು ಕಾಣೆಯಾದ ದಿನ ಬ್ಯಾಂಕು ಹೊಣೆಯಾಗಲಾರದು, ತಮ್ಮನ ಮೇಲೆ ಬಂದ ಸಂಶಯವು ತೊಳೆದರೂ ಹೋಗಲಾರದು. ಬಂಧುತ್ವವನ್ನು ಉಳಿಸಿಕೊಳ್ಳಬೇಕೆನ್ನುವವರು ಕಾಗದದಲ್ಲಿ ಅಧಿಕಾರ ಕೊಡಲಿ. ಮುಖ್ತ್ಯಾರುಪತ್ರ ಪಡೆದವರು ಖಾತೆಯಿಂದ ಊರಿನ ತೆರಿಗೆ, ದುರಸ್ತಿ ಮೊದಲಾದ ಖರ್ಚುಗಳನ್ನು ನಡೆಸಬಹುದು. ಆದರೆ ಒಡೆಯರ ಪರವಾಗಿ ಆ ಹಣವನ್ನು ಯಾರಿಗೂ ಉಡುಗೊರೆ ಕೊಡುವಂತಿಲ್ಲ. ಹೊರದೇಶದಲ್ಲಿ ಬರೆದುಕೊಟ್ಟ ಪತ್ರವಾದರೆ ಭಾರತದ ದೂತಾವಾಸದಲ್ಲಿ ದೃಢೀಕರಿಸಿ, ಊರಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನು ಸಲ್ಲಿಸಬೇಕು.

ಇನ್ನು ಮರೆಯಬಾರದ ಕೆಲವು ಮಾತುಗಳು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯು ನಿಷ್ಕ್ರಿಯವೆನಿಸುವುದು. ಹತ್ತು ವರ್ಷವಾದರೆ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಸಾಗುವುದು. ಆಮೇಲೂ ಕೇಳಿ ಪಡೆಯಬಹುದಾದರೂ ಅಲೆದಾಟ ತಪ್ಪದು. ನಮ್ಮ ನಾಡಿನ ಬ್ಯಾಂಕುಗಳಲ್ಲಿಯೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳೊಡನೆ ಬೆರೆತುಹೋದುವು. ಅವುಗಳ ಹಳೆಯ ಚೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿರುವ ಪರವಾಸಿಗಳು ಹೊಸ ಪುಸ್ತಕವನ್ನೂ ಶಾಖೆಯ ಹೊಸ ಸಂಕೇತವನ್ನೂ ಪಡೆಯತಕ್ಕದ್ದು. ಪಿಂಚಣಿದಾರರು ಪ್ರತಿ ವರ್ಷದ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರವನ್ನು ಒಪ್ಪಿಸಬೇಕಷ್ಟೆ. ಹೊರದೇಶದಲ್ಲಿರುವವರು ಅದನ್ನು ದೂತಾವಾಸದಲ್ಲಿ ಪಡೆಯಬಹುದು. ಅಮೆರಿಕದಲ್ಲಿ ಖಾಯಂ ನೆಲಸಿದವರ ಹೊರಗಿನ ಖಾತೆಗಳ ಒಟ್ಟು ಮೊತ್ತವು ವರ್ಷದಲ್ಲಿ ಎಂದಾದರೂ 10,000 ಡಾಲರುಗಳನ್ನು ಮೀರಿದರೆ, ಅದನ್ನು ಅಲ್ಲಿಯ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ತಾಯಂದಿರ ಪಿಂಚಣಿಯ ಖಾತೆಗೂ ಇದು ಹೊರತಲ್ಲ.

ಆ ವೃದ್ಧೆಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಮದುವೆ ಕಳೆಯಿತು, ಮಗನೇ ಮುಯ್ಯಿ ಕಳುಹಿಸಿದನು. ಬಳಿಕ ತಾಯಿಯೂ ಮಗನೂ ನ್ಯೂಯಾರ್ಕಿನ ದೂತಾವಾಸಕ್ಕೆ ಹೋಗಿ ಕಾಗದಗಳನ್ನು ದೃಢಪಡಿಸಿ, ಮೈಸೂರಿಗೆ ಕಳುಹಿಸಿ, ಬಂದ ಆಕ್ಷೇಪಣೆಗಳಿಗೆ ಉತ್ತರವಿತ್ತು, ಅಂತೂ ಹತ್ತು ತಿಂಗಳಿಗೆ ಖಾತೆಯು ಆಕೆಯ ಕೈವಶವಾಯಿತು. ಆ ವೇಳೆಗೆ ತಂಗಿಯ ಮಗಳು ಚೊಚ್ಚಲ ಬಸುರಿ. ಮುಯ್ಯಿಗೆ ಒದಗದ ಹಣವು ತೊಟ್ಟಿಲಿಗೆ ಒದಗಿತು. “ದೊಡ್ಡಮ್ಮ ಕಳುಹಿಸಿದ್ದು” ಎಂದು ಆ ಹುಡುಗಿಯು ಬಂದವರಿಗೆಲ್ಲ ತೊಟ್ಟಿಲನ್ನು ತೋರಿಸುತ್ತಿರುವಳಂತೆ.

ಎಲ್ಲರಿಗೂ ಇಂತಹ ಎರಡನೆಯ ಅವಕಾಶ ದೊರೆಯದು. ಬಾಯಾರಿದಾಗ ಬಾವಿ ತೋಡುವುದಕ್ಕಿಂತ, ಹೊರಡುವ ಮುನ್ನ ಅರ್ಧ ದಿನ ಬ್ಯಾಂಕಿನಲ್ಲಿ ಕಳೆಯುವುದು ಮೇಲು. ನಿಮ್ಮ ಮನೆಯಿಂದ ಹೊರಡುವವರಿರುವರೇ? ಚಟ್ನಿಪುಡಿಯ ಗಂಟು ಕಟ್ಟುವ ಮುಂಚೆಯೇ ಪಾಸುಬುಕ್ಕನ್ನು ಒಮ್ಮೆ ತೆಗೆದು ನೋಡಿರೆಂದು ನಮ್ಮ ವಿಜ್ಞಾಪನೆ.